ಪಕ್ಕದ ಮನೆಯ ಶ್ರಾದ್ಧ, ನಮ್ಮನೆಯ ಪಾಯಸ

ಇತಿಹಾಸ ಪಾಠ ಮಾಡುವವರ ಹಣೆಬರಹವೇ ಇಷ್ಟು. ಸತ್ತವರ ಹುಟ್ಟುಹಬ್ಬಗಳೆಲ್ಲ ನಾಲಿಗೆಯ ತುದಿಯಲ್ಲಿರುತ್ತವೆ. ಬದುಕಿರುವ ನಮ್ಮದು ಯಾವಾಗ ಎಂದು ಯಾರಾದರೂ ಕೇಳಿದರೆ ಬೆಬ್ಬೆಬ್ಬೆ. ತೊಂಬತ್ತರ ದಶಕದ ಮಾತು. ಆಗ ನಾನು ಬಸವನಗುಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೇಡಂ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೈಕಿನ ಮುಂದೆ ನಿಂತು 'ಇಂದಿನ ದಿನದ ವಿಶೇಷ' ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಇವತ್ತು ಇಂಥ ರಾಜ ಹುಟ್ಟಿದ, ಇಂಥ ವಿಜ್ಞಾನಿ ತೀರಿಕೊಂಡ, ಇಂಥ ಯುದ್ಧ ಮುಗಿಯಿತು ಎಂದು ಒದರಬೇಕು. ಒಂದೊಂದು ತಾರೀಖಿನಲ್ಲಿ ಎಷ್ಟು ಜನ ಕಿಕ್ಕಿರಿದಿರುತ್ತಾರೆ ಅಂತೀರಿ! ಥೇಟ್ ಮೆಜೆಸ್ಟಿಕ್ಕಿನ ಬಸ್ಸು. ಹತ್ತುವವರು ಹತ್ತುತ್ತಲೇ ಇರುತ್ತಾರೆ, ಇಳಿಯುವವರು ಇಳಿಯುತ್ತಲೇ ಇರುತ್ತಾರೆ. ನಮ್ಮ ಹೆಡ್‌ಮಿಸ್ಟ್ರೆಸ್ ಒಮ್ಮೆ ನನ್ನನ್ನು ಕರೆದು, "ಸುಶೀಲಾ ಮೇಡಂ, ಬೆಳಗ್ಗೆ ಬೆಳಗ್ಗೆ ಇಷ್ಟೊಂದು ಸಾವು ಬೇಡ ರೀ. ಹುಟ್ಟಿದ್ದು ಸ್ವಲ್ಪ ಜಾಸ್ತಿ ಮಾಡಿ" ಎಂದರು. ಜಾಸ್ತಿ ಮಾಡುವುದಕ್ಕೆ ನಾನೇನು ಸೂಲಗಿತ್ತಿಯೇ?

ನನ್ನ ಸರ್ವೀಸ್ ರಿಜಿಸ್ಟರಿನಲ್ಲೂ ಒಂದು ಹುಟ್ಟಿದ ತಾರೀಖು ಇತ್ತು. ಅದು ನಾನು ಓದಿದ ಪ್ರೈಮರಿ ಸ್ಕೂಲಿನ ಹೆಡ್‌ಮೇಷ್ಟ್ರು ವಯಸ್ಸು ಸರಿಹೋಗಲೆಂದು ತಾವೇ ಯೋಚಿಸಿ ಬರೆದುಕೊಂಡದ್ದು. ನಮ್ಮ ಸ್ಟಾಫ್‌ರೂಮಿನಲ್ಲಿ ಅರ್ಧ ಜನ ಹೀಗೆ ಸ್ಕೂಲು ಬಾಗಿಲು ತೆರೆಯುವ ಕಾಲಕ್ಕೆ ಸರಿಯಾಗಿ ಹುಟ್ಟಿದವರು. ಆ ದಿನ ಯಾರಾದರೂ ಕೈಕುಲುಕಿದರೆ ಬೇರೆ ಯಾರದ್ದೋ ಕಾಗದ ಒಡೆದು ಓದಿದಷ್ಟು ಸಂಕೋಚವಾಗುತ್ತಿತ್ತು. ಜಾತಕ ನೋಡೋಣವೆಂದರೆ ಅದನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಜಾತಕವಿಲ್ಲದ ಹುಡುಗಿ ಎಂದು ಬಂದ ಗಂಡುಗಳೂ ಹಿಂದೆ ಸರಿದು, ಮದುವೆ ಎಂಬ ಮಹತ್ವದ ಘಟನೆ ನನ್ನ ಇತಿಹಾಸದಲ್ಲಿ ನಡೆಯಲೇ ಇಲ್ಲ. ಅಪ್ಪ ಬೇಗ ಹೋದರು. ಚಾಮರಾಜಪೇಟೆಯ ಆ ಮನೆಯಲ್ಲಿ ಉಳಿದವರು ನಾನು ಮತ್ತು ಅಮ್ಮ.

ನನ್ನ ನಿಜವಾದ ಹುಟ್ಟುಹಬ್ಬ ಇದ್ದದ್ದು ಅಮ್ಮನ ಹತ್ತಿರ. ವರ್ಷಕ್ಕೊಮ್ಮೆ, ಮಳೆಗಾಲದ ಯಾವುದೋ ಒಂದು ಸಾಯಂಕಾಲ ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಶ್ಯಾವಿಗೆ ಪಾಯಸದ ಲೋಟ ಮುಂದೆ ಬರುತ್ತಿತ್ತು. "ಇವತ್ತು ನೀನು ಹುಟ್ಟಿದ ದಿನ ಕಣೇ ಸುಶೀ" ಎನ್ನುತ್ತಿದ್ದಳು. "ಬೆಳಗ್ಗೇನೇ ಹೇಳ್ಬಾರ್ದಾಗಿತ್ತೇನಮ್ಮ, ಒಂದು ಒಳ್ಳೆ ಸೀರೆನಾದ್ರೂ ಉಟ್ಕೊಂಡು ಹೋಗ್ತಿದ್ದೆ" ಎಂದರೆ, "ಬೆಳಗ್ಗೆ ನಂಗೆಲ್ಲಿ ಗೊತ್ತಿತ್ತು?" ಎಂದುಬಿಡುತ್ತಿದ್ದಳು. ಹೆತ್ತವಳಿಗೆ ಬೆಳಗ್ಗೆ ಗೊತ್ತಿಲ್ಲದ್ದು ಸಾಯಂಕಾಲ ಹೇಗೆ ಗೊತ್ತಾಯಿತು ಎಂದು ನಾನು ತಲೆ ಕೆಡಿಸಿಕೊಂಡವಳಲ್ಲ. ಪಾಯಸ ಚೆನ್ನಾಗಿತ್ತು, ಕುಡಿದೆ, ಉತ್ತರ ಪತ್ರಿಕೆ ತಿದ್ದಲು ಕೂತೆ.

ಅಮ್ಮ ತೀರಿಕೊಂಡ ವರ್ಷ ಮಳೆಗಾಲ ಬಂತು, ಹೋಯಿತು. ಬೀದಿಯಲ್ಲಿ ಗಣೇಶನ ಪೆಂಡಾಲ್ ಎದ್ದಾಗಲೇ ನನಗೆ ಹೊಳೆದದ್ದು: ಹುಟ್ಟುಹಬ್ಬ ಆಗಿಹೋಗಿದೆ, ನನಗೇ ತಿಳಿಸದೆ! ಪಾಯಸವನ್ನೇನು, ಯಾವತ್ತು ಬೇಕಾದರೂ ಮಾಡಿಕೊಂಡು ಕುಡಿಯಬಹುದಿತ್ತು, ಗಾಂಧಿಬಜಾರಿನಲ್ಲಿ ಶ್ಯಾವಿಗೆಗೆ ಬರವೇ? ಆದರೆ ಈ ಭೂಮಿಯ ಮೇಲೆ ನಾನು ಹುಟ್ಟಿದ್ದು ಒಬ್ಬರಿಗಾದರೂ ನೆನಪಿರಬೇಕಲ್ಲ. ಊರಿಗೆಲ್ಲ ಯಾವ ದೇಶದ ಯಾವ ರಾಜನೋ ಹುಟ್ಟಿದ ದಿನ ಸಾರುವವಳು ನಾನು. ನನ್ನ ದಿನ ಗೊತ್ತಿದ್ದ ಒಂದೇ ಒಂದು ಜೀವ ಅದನ್ನು ಜೊತೆಯಲ್ಲೇ ಕಟ್ಟಿಕೊಂಡು ಹೋಗಿಬಿಟ್ಟಿತ್ತು. ಪಂಚಾಂಗ ತೆಗೆದು ಶ್ರಾವಣದ ತಿಥಿಗಳ ಮೇಲೆಲ್ಲ ಬೆರಳಾಡಿಸಿದೆ. ಯಾವುದೂ ನಾನು ನಿನ್ನದೆಂದು ಹೇಳಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಡಿಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ.

ಮುಂದಿನ ವರ್ಷ ಮಳೆಗಾಲದಲ್ಲಿ ನನ್ನ ಗಂಟಲು ಕಟ್ಟಿತು. ದನಿಯಿಲ್ಲದ ಮೇಡಂ ಕ್ಲಾಸಿಗೆ ಹೋಗಿ ಮಾಡುವುದೇನು? ರಜೆ ಹಾಕಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಪಕ್ಕದ ಮನೆಗೆ ಪುರೋಹಿತರು ಬಂದ ಸದ್ದಾಯಿತು. ಆ ಮನೆಯ ಸೀತಮ್ಮನವರನ್ನು ನಾನು ಚಿಕ್ಕಂದಿನಿಂದಲೂ ಅತ್ತೆ ಎಂದೇ ಕರೆಯುವುದು. ಸ್ವಲ್ಪ ಹೊತ್ತಿಗೆಲ್ಲ ಕಾಂಪೌಂಡಿನ ಮೇಲೆ ಅವರ ತಲೆ ಕಾಣಿಸಿತು.

"ಮಡೀಲಿದೀನಿ, ಹತ್ರ ಬರ್ಬೇಡ. ಏನೇ ಸುಶೀ, ಶ್ಯಾವಿಗೆ ಹುರಿಯೋ ವಾಸ್ನೇನೇ ಇಲ್ಲ? ಇವತ್ತು ನಮ್ಮ ಮಾವನವರ ಶ್ರಾದ್ಧ ಅಲ್ವಾ?"

ಅವರ ಮಾವನ ಶ್ರಾದ್ಧಕ್ಕೂ ನಮ್ಮ ಮನೆಯ ಶ್ಯಾವಿಗೆಗೂ ಏನು ಸಂಬಂಧವೆಂದು ಗಂಟಲು ಹಿಂಡಿಕೊಂಡು ಪಿಸುಗುಟ್ಟಿದೆ.

"ಅಯ್ಯೋ ನಿನ್ನ! ಅವರು ಹೋದ ದಿನಾನೇ ಕಣೇ ನೀನು ಹುಟ್ಟಿದ್ದು. ಗೋಡೆ ಈ ಕಡೆ ನಾವು ಅಳ್ತಿದ್ವಿ, ಆ ಕಡೆ ನೀನು ಅಳ್ತಿದ್ದೆ. ನಿಮ್ಮಮ್ಮನಿಗೆ ತಿಥಿ ಗಿಥಿ ಎಲ್ಲಿ ನೆನಪಿರ್ತಿತ್ತು? ನಮ್ಮ ಪುರೋಹಿತರ ತಲೆ ಕಂಡ ತಕ್ಷಣ ಬಾಣಲೆ ಒಲೆ ಮೇಲಿಡೋರು."

ಪುರೋಹಿತರು ಬರುವ ಹೊತ್ತಿಗೆ ನಾನು ಸ್ಕೂಲಿನಲ್ಲಿರುತ್ತಿದ್ದೆ. ಬೆಳಗ್ಗೆ ಅಮ್ಮನಿಗೆ ಎಲ್ಲಿ ಗೊತ್ತಿರಬೇಕು, ಪಾಪ! ಅಂತೂ ನನ್ನ ದಿನದ ವಿಶೇಷ ಸಿಕ್ಕಿತು: ಜನನ ಒಂದು, ಮರಣ ಒಂದು, ಮಹತ್ವದ ಘಟನೆ ಯಾವುದೂ ಇಲ್ಲ. ಇವರೊಬ್ಬರಿಗೆ ಗೊತ್ತಿದೆ, ಈಗ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಒದ್ದೆ ಸೀರೆ ಹಿಡಿದುಕೊಂಡೇ ಕಾದೆ. ಅತ್ತೆ ಬಾಯಿ ತೆರೆದವರು ತಟ್ಟನೆ ಮುಚ್ಚಿಕೊಂಡರು. ಒಳಗಿನಿಂದ ಕರೆ ಬಂತು, ಹೋಗಿಬಿಟ್ಟರು.

ಅವರ ತಪ್ಪಲ್ಲ. ಶ್ರಾದ್ಧದ ಮನೆಯವರು ಆ ದಿನ ಯಾರಿಗೂ ಶುಭ ಹೇಳುವ ಹಾಗಿಲ್ಲ. ಆ ಅಡಿಗೆಯನ್ನು ಹೊರಗಿನವರಿಗೆ ಬಡಿಸುವ ಹಾಗೂ ಇಲ್ಲ. ಮಧ್ಯಾಹ್ನ ಅವರ ಮನೆಯ ಪಾಯಸದ ಘಮ ಗೋಡೆ ಹಾರಿ ಬಂತು. ತಾರಸಿಯ ಮೇಲೆ ಪಿಂಡಕ್ಕೆ ಕಾಗೆಗಳು ಮುತ್ತಿದವು. ಕಾಗೆಗಳಿಗಿದ್ದ ಕರೆ ನನಗಿರಲಿಲ್ಲ. ನನ್ನ ಪಾಯಸ ನಾನೇ ಮಾಡಿಕೊಂಡೆ, ಸಕ್ಕರೆ ಹೆಚ್ಚಾಯಿತು. ಎರಡು ಲೋಟಕ್ಕೆ ಬಗ್ಗಿಸಿ, ಎರಡನ್ನೂ ನಾನೇ ಕುಡಿದೆ. ದಿನ ಸಿಕ್ಕರೆ ಸಾಕು ಎಂದುಕೊಂಡಿದ್ದೆ. ದಿನ ಸಿಕ್ಕ ಮೇಲೆ ಮನೆ ಇನ್ನಷ್ಟು ಖಾಲಿ ಅನ್ನಿಸಿತು.

ಮರುದಿನ ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಅತ್ತೆ ಗೇಟಿನ ಹತ್ತಿರವೇ ಬಂದು ನಿಂತರು. "ನಿನ್ನೆ ಹೇಳೋ ಹಾಗಿರ್ಲಿಲ್ಲ ಕಣೇ, ರಾತ್ರಿಯೆಲ್ಲ ಅದೇ ಕೊರಗು. ನೂರು ಕಾಲ ಚೆನ್ನಾಗಿ ಬಾಳಮ್ಮ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಮುಖವನ್ನೊಮ್ಮೆ ನೋಡಿ, "ಅರವತ್ತು ತುಂಬ್ತು, ಅಲ್ವಾ?" ಎಂದರು.

ನನಗೆ ಆಗಿನ್ನೂ ಐವತ್ತೆರಡು. ದಿನವೂ ತಪ್ಪು, ವರ್ಷವೂ ತಪ್ಪು. ನನ್ನ ಕ್ಲಾಸಿನ ಹುಡುಗಿ ಯಾವಳಾದರೂ ಹೀಗೆ ಬರೆದಿದ್ದರೆ ಸೊನ್ನೆ ಸುತ್ತಿ, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎನ್ನುತ್ತಿದ್ದೆ. ಗಂಟಲೂ ಅಷ್ಟು ಹೊತ್ತಿಗೆ ಸರಿಯಾಗಿತ್ತು, ಧಾರಾಳವಾಗಿ ತಿದ್ದಬಹುದಿತ್ತು.

"ಹೂಂ ಅತ್ತೆ, ತುಂಬ್ತು" ಎಂದೆ.