ಹೂಂ ಅಂದವಳ ಸಹಿ

ನನ್ನ ಹೆಂಡತಿ ಡೋರೀನ್ ಮಾರ್ಚ್ ನಾಲ್ಕನೇ ತಾರೀಕು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ತೀರಿಕೊಂಡಳು. ಅದಕ್ಕೆ ಸ್ವಲ್ಪ ಮೊದಲು ಅವಳು ನನಗೆ ಹೇಳಿದ ಕೊನೆಯ ಮಾತು ಇದು: “ಸ್ಕಾರ್‌ಬೆಕ್‌ನವರಿಗೆ ಹೂಂ ಅಂದಿದೀನಿ. ಏಪ್ರಿಲ್ ಇಪ್ಪತ್ತೈದು, ಶುಕ್ರವಾರ. ಹೋಗ್ದೆ ಇರಬೇಡ.”

ಹೋಗ್ತೀನಿ ಅಂದೆ. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ.

ನಾನು ಕೂಗುಗಾರ. ಊರಿನ ಹಾಲ್‌ಗಳಲ್ಲಿ ಜನ ಜೋಡಿ ಜೋಡಿಯಾಗಿ ಕುಣಿಯುವಾಗ, ವಾದ್ಯದವರ ಪಕ್ಕ ನಿಂತು ಮುಂದಿನ ಹೆಜ್ಜೆ ಏನು ಅಂತ ಕೂಗಿ ಹೇಳುವುದು ನನ್ನ ಕೆಲಸ. ಬಲಗೈ ಕೊಡಿ. ಸುತ್ತಿ ಬನ್ನಿ. ಜೋಡಿ ಬದಲಾಯಿಸಿ. ಹದಿನೈದಕ್ಕೆ ಶಾಲೆ ಬಿಟ್ಟವನು ಮಾಡಬಹುದಾದಂಥ ಕೆಲಸ. ಹಗಲು ಕುರಿ ಹೊಲಗಳಿಗೆ ಕಲ್ಲಿನ ಗೋಡೆ ಕಟ್ಟುತ್ತಿದ್ದೆ. ಸಂಜೆ ಕೂಗುತ್ತಿದ್ದೆ. ಕೂಗುವುದೊಂದು ಬಿಟ್ಟು ಉಳಿದದ್ದೆಲ್ಲ ಡೋರೀನ್ ಮಾಡುತ್ತಿದ್ದಳು. ಫೋನ್ ಬಂದರೆ ಅವಳೇ ಎತ್ತುವುದು. “ಹೂಂ, ಬರ್ತಾರೆ” ಅನ್ನುವುದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಒಂದು ವಾರ ಮೊದಲು ಅವಳೇ ಫೋನ್ ಮಾಡಿ ಬೀಗದಕೈ ಯಾರ ಹತ್ತಿರ ಇದೆ, ನೆಲ ಜಾರುತ್ತದಾ, ಊಟ ಎಷ್ಟು ಗಂಟೆಗೆ ಅಂತ ಕೇಳುವುದು. ಮೂವತ್ತೊಂದು ವರ್ಷ ಹೀಗೆ ನಡೆಯಿತು. ಅವಳ ಹೂಂ ಒಂದೂ ಸುಳ್ಳಾಗಲಿಲ್ಲ. ಹೊಗಳಿಕೆಗೆ ಹೇಳುತ್ತಿಲ್ಲ. ಆಗಲಿಲ್ಲ, ಅಷ್ಟೇ.

ಈಗ ಹಾಗೆ ನಡೆಯುವುದಿಲ್ಲ. ಈಗ ಜಿಲ್ಲಾ ನೃತ್ಯ ದೃಢೀಕರಣ ಮಂಡಳಿ ಇದೆ. ಎರಡು ವರ್ಷದ ಹಿಂದೆ ಒಂದೂರಿನಲ್ಲಿ ಒಂದೇ ಸಂಜೆಗೆ ಇಬ್ಬರು ಕೂಗುಗಾರರು ಬಂದುಬಿಟ್ಟರು. ಇಬ್ಬರೂ ವಾಪಸ್ ಹೋಗಲು ಒಪ್ಪಲಿಲ್ಲ. ಒಬ್ಬ ಎಡಕ್ಕೆ ಅಂದ, ಇನ್ನೊಬ್ಬ ಬಲಕ್ಕೆ ಅಂದ. ಪಾದ್ರಿಯ ಮುಂದಿನ ಹಲ್ಲು ಮುರಿಯಿತು. ಇಂಥ ಘಟನೆ ಮರುಕಳಿಸದಂತೆ ನೋಡಿಕೊಳ್ಳಲು ಮಂಡಳಿಯನ್ನು ಸ್ಥಾಪಿಸಲಾಯಿತು. ಅದರಲ್ಲಿ ಹದಿನಾಲ್ಕು ಸದಸ್ಯರು. ಕುಣಿಯಲು ಬರುವವರು ಯಾರೂ ಇಲ್ಲ. ನಿಷ್ಪಕ್ಷಪಾತ ಇರಲಿ ಅಂತ ಹಾಗೆ ಮಾಡಿದ್ದಾರೆ. ಮಂಡಳಿ ಬಂದ ಮೇಲೆ ಎಲ್ಲಿಯೂ ಇಬ್ಬರು ಕೂಗುಗಾರರು ಬಂದಿಲ್ಲ. ಬಹಳ ಕಡೆ ಒಬ್ಬರೂ ಬಂದಿಲ್ಲ. ವಾರ್ಷಿಕ ವರದಿಯಲ್ಲಿ ಇದನ್ನು ಪೂರ್ಣ ಯಶಸ್ಸು ಎಂದು ಬರೆಯಲಾಗಿದೆ.

ಮಣ್ಣು ಮಾಡಿ ಬಂದ ಮೂರನೇ ದಿನ ಡೋರೀನ್ ಹೆಸರಿಗೆ ಮಂಡಳಿಯ ಪತ್ರ ಬಂತು.

“ಮಾನ್ಯರೇ, ಸ್ಕಾರ್‌ಬೆಕ್ ನೃತ್ಯಕ್ಕೆ ಸಂಬಂಧಿಸಿದಂತೆ ತಾವು ದೂರವಾಣಿಯಲ್ಲಿ ಮೌಖಿಕವಾಗಿ ‘ಹೂಂ’ ಎಂದಿರುವುದು ಮಂಡಳಿಯ ಗಮನಕ್ಕೆ ಬಂದಿರುತ್ತದೆ. ನಿಯಮ 9ರ ಪ್ರಕಾರ, ಹೂಂ ಎಂದವರೇ ಖುದ್ದಾಗಿ ಕಚೇರಿಗೆ ಹಾಜರಾಗಿ, ತಾವು ಹೂಂ ಎಂದದ್ದು ನಿಜವೆಂದು ಸಹಿ ಮಾಡತಕ್ಕದ್ದು. ತಪ್ಪಿದಲ್ಲಿ ಸದರಿ ಹೂಂ ಅನ್ನು ಕೇವಲ ಉಸಿರಾಟವೆಂದು ಪರಿಗಣಿಸಲಾಗುವುದು.”

ಎರಡು ಸಲ ಓದಿದೆ. ಕೋಟು ಹಾಕಿಕೊಂಡು ಬಸ್ಸು ಹತ್ತಿದೆ.

ಕಚೇರಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ದೃಢೀಕರಣ ಅಧಿಕಾರಿಯ ಹೆಸರು ಟನ್‌ಸ್ಟಾಲ್. ಒಳ್ಳೆಯ ಮನುಷ್ಯ. ನನಗೆ ಟೀ ಕೊಟ್ಟ. ಎರಡು ಬಿಸ್ಕತ್ತೂ ಕೊಟ್ಟ.

“ಡೋರೀನ್ ಹೆಬ್ಡನ್ ಅವರು ಬರಬೇಕಿತ್ತು” ಅಂದ.

“ಅವಳು ತೀರಿಕೊಂಡಳು.”

“ಛೆ ಛೆ. ಬಹಳ ಬೇಜಾರಿನ ವಿಷಯ. ಕೂತ್ಕೊಳ್ಳಿ ಸಾರ್. ಅವರಿಗೆ ಯಾವಾಗ ಬರೋಕಾಗತ್ತೆ?”

“ತೀರಿಕೊಂಡಳು ಅಂದೆ.”

“ಕೇಳಿಸ್ತು ಸಾರ್. ಗಡುವು ಇಪ್ಪತ್ತೊಂದನೇ ತಾರೀಕು. ಅದಕ್ಕೇ ಕೇಳ್ತಾ ಇದೀನಿ.”

ನಾನು ಬಿಸ್ಕತ್ತು ಟೀಯಲ್ಲಿ ಅದ್ದಿದೆ. ಅದು ಮುರಿದು ಒಳಗೆ ಬಿತ್ತು.

“ನಾನು ಅವಳ ಗಂಡ. ಕೂಗೋನು ನಾನು. ಬರ್ತೀನಿ ಅಂತ ನಾನೇ ಹೇಳ್ತಾ ಇದೀನಲ್ಲ.”

“ನೀವು ಬರ್ತೀರ ಸಾರ್. ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಹೂಂ ಅಂದಿದ್ದು ನೀವಲ್ಲವಲ್ಲ.”

“ಈಗ ಅಂತೀನಿ. ಹೂಂ.”

ಟನ್‌ಸ್ಟಾಲ್ ಎರಡೂ ಕೈ ಮೇಲೆತ್ತಿದ. “ಅಯ್ಯೋ, ಹಾಗನ್ನಬೇಡಿ ಸಾರ್! ಒಂದು ಕುಣಿತಕ್ಕೆ ಎರಡು ಹೂಂ ಆಗತ್ತೆ. ಎರಡು ಹೂಂ ಅಂದ್ರೆ ಇಬ್ಬರು ಕೂಗುಗಾರರು. ಪಾದ್ರಿಗಳ ಹಲ್ಲು ಮರೆತ್ರಾ?”

ಮರೆತಿಲ್ಲ ಅಂದೆ. ನನ್ನ ಹೂಂ ಅನ್ನು ಕೇಳಿಸಿಕೊಂಡಿಲ್ಲ ಅಂತ ಅವನು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟ. ಉಪಕಾರ ಮಾಡುವ ಸ್ವಭಾವ.

ಆ ವಾರವೇ ಬೆರಿಲ್ ಮನೆಗೆ ಬಂದಳು. ಸ್ಕಾರ್‌ಬೆಕ್ ಹಾಲಿನ ಉಸ್ತುವಾರಿ ಅವಳದು. ಡೋರೀನ್ ಹೂಂ ಅಂದದ್ದು ಇವಳಿಗೇ. ಕೈಯಲ್ಲಿ ಬಟ್ಟೆ ಮುಚ್ಚಿದ ಮಾಂಸದ ಪೈ ಇತ್ತು.

“ಸೆಡ್ರಿಕ್, ತಿಂದ್ಯಾ?”

“ತಿಂದೆ.”

“ಸುಳ್ಳು ಬೊಗಳಬೇಡ. ಸಿಂಕಲ್ಲಿ ಒಂದು ತಟ್ಟೇನೂ ಇಲ್ಲ.” ಅವಳೇ ತಟ್ಟೆ ಹುಡುಕಿ ಬಡಿಸಿದಳು. ಆಮೇಲೆ ಕೂತು ಕೈಚೀಲದ ಕೊಂಡಿ ತೆಗೆದು ಹಾಕಿ ಮಾಡಿದಳು. “ನೊಂದ್ಕೋಬೇಡ ಕಣೋ. ನಿಂಗೆ ತೊಂದ್ರೆ ಬೇಡ ಅಂತ ನೋರಿಸ್‌ನ ಕೇಳಿದ್ದೆ.”

ನೋರಿಸ್ ಅಂದರೆ ಆ ಇಬ್ಬರು ಕೂಗುಗಾರರಲ್ಲಿ ಒಬ್ಬ. ಬಲಕ್ಕೆ ಅಂದವನು.

“ಅವನಿಗೆ ಎಡ ಬಲ ಗೊತ್ತಿಲ್ಲ” ಅಂದೆ.

“ಗೊತ್ತಿಲ್ಲ ಅಂತ ಊರಿಗೇ ಗೊತ್ತು. ಏನ್ ಮಾಡ್ಲಿ? ಅದೂ ಆಗಲ್ವಂತೆ. ಬೇರೆಯವರನ್ನ ಕರೀಬೇಕು ಅಂದ್ರೆ ಡೋರೀನ್ ರದ್ದತಿ ಪತ್ರಕ್ಕೆ ಸಹಿ ಹಾಕಬೇಕಂತೆ.”

“ಅವಳು ರದ್ದು ಮಾಡೋಳಲ್ಲ.”

“ಅದನ್ನೇ ನಾನೂ ಹೇಳ್ದೆ ಆ ಟನ್‌ಸ್ಟಾಲ್‌ಗೆ. ‘ಸ್ವಾಮಿ, ನಮ್ಮ ಡೋರೀನ್ ಬದುಕಿದ್ದಾಗಲೇ ಒಂದು ಹೂಂ ವಾಪಸ್ ತಗೊಂಡೋಳಲ್ಲ, ಈಗ ತಗೋತಾಳಾ?’ ಅಂದೆ. ಅದನ್ನೂ ಬರ್ಕೊಂಡ ಪುಣ್ಯಾತ್ಮ.” ಬೆರಿಲ್ ಕಣ್ಣು ಒರೆಸಿಕೊಂಡಳು. “ನೀನು ಹೋಗಲೇಬೇಕಾ ಸೆಡ್ರಿಕ್? ಒಂದು ಕುಣಿತ ತಾನೇ.”

“ಹೋಗ್ತೀನಿ ಅಂದಿದೀನಿ ಅವಳಿಗೆ.”

“ಸರಿ ಹಾಗಾದ್ರೆ” ಅಂದಳು. “ಪೈ ಆರಿಹೋಗತ್ತೆ, ತಿನ್ನು.”

ಏಪ್ರಿಲ್ ಎರಡನೇ ವಾರ ಮಂಡಳಿಯ ಸಭೆ ಕರೆಯಲಾಯಿತು. ನಾನೂ ಬೆರಿಲ್ಲೂ ಗೋಡೆ ಪಕ್ಕದ ಕುರ್ಚಿಗಳಲ್ಲಿ ಕೂತೆವು. ಮರಣವನ್ನೇ ನಿರಾಕರಣೆ ಎಂದು ಪರಿಗಣಿಸಬಹುದೇ ಅಂತ ಒಬ್ಬ ಸದಸ್ಯರು ಕೇಳಿದರು. ಹಾಗೆ ಪರಿಗಣಿಸಲು ಬರುವುದಿಲ್ಲ, ಸಾಯುವಾಗ ಆಕೆಯನ್ನು ಯಾರೂ ಆ ಬಗ್ಗೆ ಕೇಳಿರಲಿಲ್ಲ ಎಂದು ಕಾನೂನು ಸಲಹೆಗಾರರು ತಿಳಿಸಿದರು. ಇನ್ನೊಬ್ಬರು, ಆಕೆ ಹಿಂದೆ ಎಲ್ಲಾದರೂ ಮಾಡಿದ ಸಹಿ ಸಿಕ್ಕರೆ ಕತ್ತರಿಸಿ ಅಂಟಿಸಬಹುದಲ್ಲ ಅಂದರು. ಅದು ವಂಚನೆಯಾಗುತ್ತದೆ, ಮೂರು ಪ್ರತಿ ಬೇಕಾಗುತ್ತದೆ ಅಂತ ಅಧ್ಯಕ್ಷರು ಹೇಳಿದರು. ಎರಡು ಗಂಟೆ ಚರ್ಚೆಯಾಯಿತು. ಆಮೇಲೆ ಟನ್‌ಸ್ಟಾಲ್ ನಿರ್ಣಯ ಬರೆದು ಓದಿದ.

“ಒಂದು: ಸಭಾಂಗಣ, ವಾದ್ಯ ಮತ್ತು ಬೇಯಿಸಿದ ಬಟಾಣಿ ಈಗಾಗಲೇ ದೃಢೀಕೃತವಾಗಿರುವುದರಿಂದ ನೃತ್ಯವು ನಡೆಯತಕ್ಕದ್ದು. ಎರಡು: ನೃತ್ಯಕ್ಕೆ ಕೂಗುಗಾರರು ಇರತಕ್ಕದ್ದಲ್ಲ. ಮೂರು: ಶ್ರೀ ಹೆಬ್ಡನ್ ಅವರು ಸಾರ್ವಜನಿಕರಲ್ಲೊಬ್ಬರಾಗಿ ಹಾಜರಿರಬಹುದು. ನಾಲ್ಕು: ಇತ್ತೀಚೆಗೆ ಪತ್ನಿಯನ್ನು ಕಳೆದುಕೊಂಡವರು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದು ಲೋಕರೂಢಿಯಾಗಿದ್ದು, ಅದನ್ನು ತಡೆಯಲು ಮಂಡಳಿಗೆ ಅಧಿಕಾರವಿರುವುದಿಲ್ಲ.”

ನಾಲ್ಕನೆಯದನ್ನು ಓದುವಾಗ ಅವನು ನನ್ನ ಕಡೆ ನೋಡಲಿಲ್ಲ.

ಬೆರಿಲ್ ಎದ್ದು ನಿಂತಳು. “ಜೋರಾಗಿ ಮಾತಾಡ್ಕೋಬಹುದಾ?”

“ಎಷ್ಟು ಜೋರು ಅಂತ ನಿಯಮದಲ್ಲಿ ಇಲ್ಲಮ್ಮ.”

“ಮೈಕು ಹಿಡ್ಕೊಂಡು?”

“ದುಃಖದಲ್ಲಿರೋರು ಕೈಗೆ ಸಿಕ್ಕಿದ್ದು ಹಿಡ್ಕೋತಾರಮ್ಮ. ಆದ್ರೆ ಜನರ ಕಡೆ ಮುಖ ಮಾಡೋ ಹಾಗಿಲ್ಲ. ಮುಖ ಮಾಡಿದ್ರೆ ಅದು ಕೂಗೋದು ಆಗತ್ತೆ.”

ಹದಿನಾಲ್ಕು ಜನವೂ ಕೈ ಎತ್ತಿದರು.

ಇಪ್ಪತ್ತೈದನೇ ತಾರೀಕು ಸಂಜೆ ಏಳಕ್ಕೆ ನಾನು ಸ್ಕಾರ್‌ಬೆಕ್ ಹಾಲಿನ ವೇದಿಕೆ ಮೇಲೆ ಜನರಿಗೆ ಬೆನ್ನು ಹಾಕಿ ನಿಂತೆ. ಮುಖದ ಮುಂದೆ ಹಸಿರು ಪರದೆ. ಎಡಗಡೆ ಅಕಾರ್ಡಿಯನ್ ಮತ್ತು ಪಿಟೀಲಿನವರು. ಟನ್‌ಸ್ಟಾಲ್ ಫೈಲು ಹಿಡಿದು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದ.

“ನಾಲ್ಕು ನಾಲ್ಕು ಜೋಡಿ ಸೇರಿದ್ರೆ ಎಷ್ಟು ಚೆನ್ನಾಗಿರತ್ತೆ” ಅಂತ ಪರದೆಗೆ ಹೇಳಿದೆ.

ಹಿಂದೆ ಕಾಲು ಸರಿದ ಸದ್ದು. ಜನ ಗುಂಪು ಗುಂಪಾಗಿ ನಿಂತರು.

“ಎದುರಿನವರಿಗೆ ಬಲಗೈ ಕೊಡೋಣ ಅನ್ನಿಸ್ತಾ ಇದೆ. ಒಂದು ಸುತ್ತು ಹೋಗಿ ಬರೋಣ ಅನ್ನಿಸ್ತಾ ಇದೆ.”

ಹೋಗಿ ಬಂದರು. ನೋಡದೆ ಕೂಗುವುದು ಕಷ್ಟ ಅಂದುಕೊಂಡಿದ್ದೆ. ಅಷ್ಟು ಕಷ್ಟವಲ್ಲ. ಹಲಗೆಯ ನೆಲ ಎಲ್ಲ ಹೇಳುತ್ತದೆ. ಯಾರು ತಡ, ಯಾರು ಅವಸರ, ಯಾರ ಮಂಡಿ ನೋಯುತ್ತಿದೆ, ಕಾಲಡಿಗೆ ಗೊತ್ತಾಗುತ್ತದೆ. ಎರಡು ಕುಣಿತ ಮುಗಿದವು. ಚಪ್ಪಾಳೆ ತಟ್ಟಿದರು. ನನಗಲ್ಲ, ಯಾರಿಗೂ ಅಲ್ಲ. ಹಾಗಂತ ಬೆರಿಲ್ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದಳು.

ಮೂರನೆಯದಕ್ಕೆ ಕಿಟಕಿ ಪಕ್ಕದ ಗುಂಪು ಕುಂಟಿತು. ಎಂಟು ಜನ ಇರಬೇಕಾದಲ್ಲಿ ಏಳು ಜನರ ಹೆಜ್ಜೆ.

ಇಂಥ ಹೊತ್ತಿಗೆ ಡೋರೀನ್ ಅಡುಗೆಮನೆಯಿಂದ ಬರುತ್ತಿದ್ದಳು. ಕೈ ಒರೆಸಿಕೊಳ್ಳುತ್ತ ಬಂದು ಖಾಲಿ ಜಾಗದಲ್ಲಿ ನಿಲ್ಲುತ್ತಿದ್ದಳು. ನಾನು ಕರೆಯಬೇಕಿರಲಿಲ್ಲ.

“ಒಬ್ಬರು ಕಡಿಮೆ ಇದಾರೆ” ಅಂದೆ.

ಯಾರೂ ಬರಲಿಲ್ಲ. ಪಿಟೀಲಿನವನು ಒಂದೇ ಸ್ವರ ಎಳೆಯುತ್ತ ಕಾದ.

“ಒಬ್ಬರು ಕಡಿಮೆ” ಅಂತ ಇನ್ನೊಂದು ಸಲ ಅಂದೆ. ಜನರಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ ನನಗೆ ತಿಳಿಯಲಿಲ್ಲ. ನಿಯಮದ ಪ್ರಕಾರ ನನಗೇ.

ಆಗ ಬೆರಿಲ್ ದನಿ ಬಂತು. “ರೀ ಟನ್‌ಸ್ಟಾಲ್, ಏಳ್ರೀ ಮೇಲೆ.”

“ನಾನು ತನಿಖೆಗೆ ಬಂದೋನಮ್ಮ.”

“ಮಧ್ಯದಲ್ಲಿ ನಿಂತ್ಕೊಂಡು ಮಾಡ್ರೀ ನಿಮ್ಮ ತನಿಖೆ. ಎಲ್ಲ ಕಡೆ ಕಾಣತ್ತೆ.”

“ನಂಗೆ ಹೆಜ್ಜೆ ಬರಲ್ಲ.”

“ಆ ಮನುಷ್ಯ ಒಬ್ಬನೇ ಏನೋ ಹೇಳ್ಕೋತಾ ಇದಾನಲ್ಲ, ಕಿವಿ ಕೊಡಿ ಸಾಕು.”

ನೆಲದ ಮೇಲೆ ಹೊಸ ಹೆಜ್ಜೆ ಬಂತು. ಕಚೇರಿಯ ಬೂಟು. ಅರ್ಧ ತಾಳ ಹಿಂದೆ. ನಾನು ಅವನಿಗಾಗಿ ಸ್ವಲ್ಪ ನಿಧಾನ ಮಾಡಿದೆ. ಅವನಿಗೆ ಅಂತ ಮಾಡಿದ್ದು ತಪ್ಪು. ಆದರೆ ಹಾಗಂತ ನಿಯಮದಲ್ಲಿ ಬರೆದಿಲ್ಲ.

ಹತ್ತಕ್ಕೆ ಮುಗಿಯಿತು. ಅಲ್ಲೇ ಬಟಾಣಿ ತಿನ್ನುತ್ತ ಟನ್‌ಸ್ಟಾಲ್ ವರದಿ ಬರೆದ. ನನಗೂ ತೋರಿಸಿದ.

“ದುಃಖತಪ್ತ ವ್ಯಕ್ತಿಯೊಬ್ಬರು ಮೂರು ಗಂಟೆಗಳ ಕಾಲ ಪರದೆಯೊಂದಿಗೆ ಮಾತಾಡಿರುತ್ತಾರೆ. ಅದೇ ಅವಧಿಯಲ್ಲಿ ತನಿಖಾಧಿಕಾರಿಯೂ ಸೇರಿದಂತೆ ಒಂದು ನೂರ ಹನ್ನೆರಡು ಜನರು ಕಾಕತಾಳೀಯವಾಗಿ ಚಲಿಸಿರುತ್ತಾರೆ. ಯಾರಿಗೂ ಹಲ್ಲಿನ ಹಾನಿ ಆಗಿರುವುದಿಲ್ಲ. ಸ್ಥಳದಲ್ಲಿ ಕೂಗುಗಾರರು ಕಂಡುಬಂದಿಲ್ಲ.”

“ಚೆನ್ನಾಗಿ ಬರೆದಿದೀರಿ” ಅಂದೆ.

ಅವನು ಆಗಲೇ ಅಧ್ಯಕ್ಷರಿಗೆ ಫೋನ್ ಮಾಡಿ ಆಗಿತ್ತು. ಬೇರೆ ಐದು ಊರಿನ ಹಾಲಿನವರು ಕುಣಿಯಲು ಬಂದಿದ್ದರು. ಅವರಿಗೂ ಇಂಥದ್ದೇ ಬೇಕಂತೆ. ಕೂಗುಗಾರರೇ ಇಲ್ಲದಿದ್ದರೆ ದೃಢೀಕರಣವೇ ಬೇಡ, ಕಾಗದ ಉಳಿಯಿತು ಅಂತ ಅಧ್ಯಕ್ಷರು ಸಂತೋಷಪಟ್ಟರಂತೆ. ಫೋನಿನಲ್ಲೇ ‘ಸ್ವಗತ ವರ್ಗ’ ಅಂತ ಒಂದು ಹೊಸ ವರ್ಗವನ್ನು ಮಂಜೂರು ಮಾಡಲಾಯಿತು. ದುಃಖದ ಪ್ರಮಾಣಪತ್ರ ಒಂದಿದ್ದರೆ ಸಾಕು, ಜಿಲ್ಲೆಯ ಯಾವ ಹಾಲಿನಲ್ಲಾದರೂ ನಿಂತು ಮಾತಾಡಿಕೊಳ್ಳಬಹುದು.

“ಶನಿವಾರ ಮಧ್ಯಾಹ್ನದವರೆಗೆ ಕಚೇರಿ ಇರತ್ತೆ ಸಾರ್, ನಾಳೆ ಬೆಳಿಗ್ಗೆನೇ ಬನ್ನಿ” ಅಂದ.

ಮಾರನೇ ಬೆಳಿಗ್ಗೆ ಹೋದೆ. ಒಂಬತ್ತಕ್ಕೇ ಮೆಟ್ಟಿಲ ತನಕ ಸಾಲು ಇತ್ತು. ಏಳು ಜನ ಕೂಗುಗಾರರು. ಎಲ್ಲರೂ ಗೋಡೆ ಕಡೆ ಮುಖ ಮಾಡಿ ಅಭ್ಯಾಸ ಮಾಡುತ್ತಿದ್ದರು. ಎಲ್ಲರಿಗಿಂತ ಮುಂದೆ ನೋರಿಸ್. ಪಕ್ಕದಲ್ಲಿ ಅವನ ಹೆಂಡತಿ ಮಾವಿಸ್, ಗಟ್ಟಿಮುಟ್ಟಾಗಿ, ಸಂತೆಚೀಲ ಹಿಡಿದು ನಿಂತಿದ್ದಳು.

“ಇದ್ರಲ್ಲಿ ನಾನೇನು ಮಾಡ್ಬೇಕು ಅಂತ ಯಾರಾದ್ರೂ ಬಾಯಿ ಬಿಡ್ತೀರಾ?” ಅಂತ ಅವಳು ಕೇಳಿದಳು.

“ನೀವೇನೂ ಮಾಡೋದು ಬೇಡಮ್ಮ” ಅಂದ ಟನ್‌ಸ್ಟಾಲ್. “ಯಜಮಾನರನ್ನ ‘ನಿರೀಕ್ಷಿತ ದುಃಖ’ ಅಂತ ತಾತ್ಕಾಲಿಕವಾಗಿ ಸೇರಿಸ್ಕೋತೀವಿ.”

ಮಾವಿಸ್ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಇವನಿಗೆ ಅಷ್ಟೊಂದು ದುಃಖ ಆಗತ್ತೆ ಅಂತ ನಂಗೆ ಅನ್ನಿಸಲ್ಲ. ಬೇಗ ಮಾಡ್ಕೊಡಿ, ಮೀನಿನ ಅಂಗಡಿ ಮುಚ್ಚಿಬಿಡತ್ತೆ.”

ಸೇರಿಸಿಕೊಂಡರು. ನೋರಿಸ್ ನನ್ನ ಕೈ ಕುಲುಕಿ ಅಭಿನಂದನೆ ಅಂದ. ಅವಳೂ ಅಂದಳು.

ನನ್ನ ಸರದಿ ಬಂತು. ಅರ್ಜಿಯಲ್ಲಿ ಹೆಸರು, ವಿಳಾಸ ಬಿಟ್ಟರೆ ಒಂದೇ ಪ್ರಶ್ನೆ. ದುಃಖವು ಯಾವ ದಿನಾಂಕದವರೆಗೆ ಊರ್ಜಿತದಲ್ಲಿರುತ್ತದೆ?

ಪೆನ್ನು ಹಿಡಿದು ನಿಂತೆ.

“ಹೆಚ್ಚೂ ಅಂದ್ರೆ ಎರಡು ವರ್ಷ ಸಾರ್” ಅಂದ ಟನ್‌ಸ್ಟಾಲ್, ಮೆಲ್ಲಗೆ. “ಆಮೇಲೆ ನವೀಕರಣ ಮಾಡಿಸ್ಕೋಬಹುದು.”

“ಅದಕ್ಕೆ ಏನು ತರ್ಬೇಕು?”

“ಏನೂ ಬೇಡ. ನೀವೇ ಬರ್ಬೇಕು. ಬಂದು, ಇನ್ನೂ ಇದೆ ಅಂತ ಹೇಳ್ಬೇಕು.”

“ಎಷ್ಟು ಸಲ ಮಾಡಿಸ್ಕೋಬಹುದು?”

ಅವನು ನಿಯಮದ ಪುಸ್ತಕ ತೆಗೆದು ನೋಡಿದ. ಬೆರಳಿಟ್ಟು ಕೆಳಗಿನವರೆಗೆ ಓದಿದ.

“ಮಿತಿ ಹಾಕಿಲ್ಲ ಸಾರ್.”

ಎರಡು ವರ್ಷ ಅಂತ ಬರೆದೆ. ಅವನು ಮುದ್ರೆ ಒತ್ತಿದ.