ಕಣ್ಣಿಗೆ ಬಿದ್ದರೆ ಸಾಕು

ಕೀರ್ತನಾಳ ಫಜೀತಿಗೆ ಕಾರಣ ಮನಶ್ಶಾಸ್ತ್ರ ಪುಸ್ತಕದ ಒಂದು ಸಾಲು. ಒಂದೇ ಮುಖ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದ್ದರೆ ಅದು ತಾನಾಗಿಯೇ ಇಷ್ಟವಾಗತೊಡಗುತ್ತದಂತೆ. ಹತ್ತನೇ ಕ್ಲಾಸಿಗೇ ಓದು ಬಿಟ್ಟು ಹೊಲಿಗೆಗೆ ಸೇರಿದ್ದವಳು ಈಗ ಪ್ರೈವೇಟಾಗಿ ಪಿಯುಸಿ ಕಟ್ಟಿದ್ದಳು. ಆ ಸಾಲನ್ನು ಮಾತ್ರ ಅವಳು ಪರೀಕ್ಷೆಗೆಂದು ಓದಲಿಲ್ಲ.

ಮಾರೇನಹಳ್ಳಿಯ ಅವಳ ಬೀದಿಯಲ್ಲೇ ಗೋಪೀನಾಥನ ಮೊಬೈಲ್ ರಿಪೇರಿ ಅಂಗಡಿ. ಅವನ ಹತ್ತಿರ ಹೋಗಲೆಂದೇ ಫೋನು ಬೀಳಿಸಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತ್ತು. ಹೋಗಿ ಮಾತಾಡುವ ಧೈರ್ಯ ಇರಲಿಲ್ಲ. ಪಾಠದಲ್ಲಿ ಮಾತಾಡಬೇಕೆಂದು ಎಲ್ಲೂ ಹೇಳಿರಲಿಲ್ಲವಲ್ಲ. ಭಾನುವಾರ ಬೆಳಿಗ್ಗೆಯೇ ಅಂಗಡಿಯ ಮುಂದೆ ಓಡಾಡತೊಡಗಿದಳು.

ಎದುರುಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಲಿಂಗಮ್ಮ ಕರೆದರು. “ಏನೇ, ಏನಾದ್ರೂ ಬೀಳಿಸ್ಕೊಂಡ್ಯಾ?”

ಬೇರೇನೂ ತೋಚದೆ, “ಹೂಂ ಆಂಟಿ, ಓಲೆ,” ಎಂದಳು.

ಅಷ್ಟೇ ಸಾಕಾಯಿತು. ಲಿಂಗಮ್ಮ ಸೊಪ್ಪಿನ ಗಾಡಿ ನಿಲ್ಲಿಸಿ ಅದರಡಿಗೆ ಬಗ್ಗಿದರು. ಪಕ್ಕದ ಮನೆಯ ಪದ್ಮನಾಭ ಅಂಕಲ್ ಕೋಲು ತಂದು ಚರಂಡಿ ಕೆದಕಿದರು. ಇಡೀ ಬೀದಿ ಕೋಳಿಗಳ ಹಾಗೆ ನೆಲ ನೋಡುತ್ತ ಸುತ್ತಾಡಿತು.

ಪದ್ಮನಾಭ ಸೊಂಟ ಹಿಡಿದುಕೊಂಡು ಎದ್ದು ನಿಂತವರು ಅವಳ ಮುಖ ನೋಡಿದರು. “ಅಲ್ಲಮ್ಮ, ಎರಡು ಕಿವೀಲೂ ಓಲೆ ಇದೆಯಲ್ಲ?”

“ಇದು ಬೇರೆ ಜೊತೆ ಅಂಕಲ್.”

“ಹುಡುಗೀನ ಯಾಕ್ರೀ ಗೋಳು ಹುಯ್ಕೊತೀರ,” ಎಂದು ಲಿಂಗಮ್ಮನೇ ಅವಳ ಪರ ನಿಂತರು.

ಇಷ್ಟಾದರೂ ಗೋಪೀನಾಥ ತಲೆಯೆತ್ತಲಿಲ್ಲ. ಭೂತಗನ್ನಡಿ ಹಿಡಿದು, ಸತ್ತ ಫೋನಿನ ಹೊಟ್ಟೆಯೊಳಗೆ ಮುಖ ಹಾಕಿ ಕೂತಿದ್ದ. ಅವನ ಬಾಗಿದ ಕತ್ತು, ಹಣೆಗೆ ಬಿದ್ದ ಕೂದಲು ಅವಳಿಗೆ ಬಾಯಿಪಾಠವಾಗಿಹೋದವು.

ಮಧ್ಯಾಹ್ನ ಲಿಂಗಮ್ಮ ಮೊಸರಿಗೆ ಕಳಿಸಿದರು, ಆಮೇಲೆ ಕೊತ್ತಂಬರಿಗೆ. ಅಂಗಡಿ ದಾಟಲು ನೆಪ ಸಿಕ್ಕಿತೆಂದು ಕೀರ್ತನಾ ಓಡಿ ಓಡಿ ಹೋದಳು.

ಸಂಜೆ ಲಿಂಗಮ್ಮ ಅವಳ ಕೈ ಹಿಡಿದುಕೊಂಡರು. “ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ ಕಣೇ. ಯಾಕೋ ನೀನು ತುಂಬಾ ಇಷ್ಟ ಆಗ್ಬಿಟ್ಟೆ. ಬಾ.”

ನೇರ ಗೋಪೀನಾಥನ ಅಂಗಡಿಗೇ ಎಳೆದೊಯ್ದರು. ಕೀರ್ತನಾಳ ಎದೆ ಹೊಲಿಗೆ ಮಿಷನ್ನಿನ ಹಾಗೆ ಓಡಿತು.

“ಗೋಪಿ, ಈ ಹುಡುಗೀನ ಸ್ವಲ್ಪ ನೋಡಪ್ಪ.”

ಅವನು ತಲೆಯೆತ್ತಿದ. ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ.

“ನನ್ನ ಫೋನಲ್ಲಿ ಒಂದು ಒಳ್ಳೇ ಫೋಟೋ ತೆಗೆದು ನನ್ನ ತಮ್ಮನ ಮಗನಿಗೆ ಕಳ್ಸು. ಕೆಂಗೇರೀಲಿ ಸ್ವಂತ ಮನೆ ಇದೆ, ಹುಡುಗಿ ಸಿಗ್ತಾ ಇಲ್ಲ. ಇವಳಮ್ಮನ ಹತ್ರ ನಾನು ಮಾತಾಡ್ತೀನಿ.”

ಗೋಪೀನಾಥ ಫೋನ್ ಎತ್ತಿ ಹಿಡಿದ. “ನನ್ನ ಕಡೆ ನೋಡಿ, ಸಿಸ್ಟರ್. ಸ್ವಲ್ಪ ನಗಿ.”

ಅವನು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು. ಇಲ್ಲವೆನ್ನಲು ಆಗಲಿಲ್ಲ. ಅವನನ್ನೇ ನೋಡುತ್ತ ನಕ್ಕಳು.

ಅವರಿನ್ನೂ ಅಂಗಡಿಯ ಮೆಟ್ಟಿಲು ಇಳಿದಿರಲಿಲ್ಲ, ಕೆಂಗೇರಿಯಿಂದ ಉತ್ತರ ಬಂತು. ಹುಡುಗ ಒಪ್ಪಿದ್ದಾನಂತೆ. ಇಷ್ಟು ಮನಸಾರೆ ನಗುವ ಹುಡುಗಿಯನ್ನು ಅವನು ಇದುವರೆಗೆ ನೋಡೇ ಇಲ್ಲವಂತೆ.