ಇಲ್ಲದವರ ಫೋಟೊ

ನಮ್ಮ ಸೋದರಮಾವನ ಕೈಲಿ ಫೋಟೊ ತೆಗೆಸಿಕೊಂಡವರಲ್ಲಿ ಅರ್ಧ ಜನ ಆಮೇಲೆ ತಾಯಿತ ಕಟ್ಟಿಸಿಕೊಂಡರು. ಉಳಿದರ್ಧ ಜನ ಅವನ ಅಂಗಡಿ ಮುಂದೆ ಹಾಯುವುದನ್ನೇ ಬಿಟ್ಟರು!

ಐವತ್ತರ ದಶಕದಲ್ಲಿ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿಗಿತ್ತು ಅವನ ಸ್ಟುಡಿಯೊ. ಬೇರೆಯವರು ಹೂದಾನಿ ಪಕ್ಕ ನಿಲ್ಲಿಸಿ ಫೋಟೊ ತೆಗೆದರೆ, ಇವನು ಮದುಮಗನ ತಲೆಯನ್ನು ಅವನದೇ ಕೈಯ ತಟ್ಟೆಯಲ್ಲಿಟ್ಟು ತೆಗೆಯುತ್ತಿದ್ದ. ಒಂದೇ ಫಿಲಮಿನ ಮೇಲೆ ಎರಡು ಸಲ ತೆಗೆಯುವ ಚಮತ್ಕಾರವಂತೆ. ಅದನ್ನು ಹೆಣ್ಣಿನ ಕಡೆಯವರಿಗೆ ಬಿಡಿಸಿ ಹೇಳುವವರು ಯಾರು?

ಬೇಗೂರಿನ ವ್ಯಾಪಾರಿಯೊಬ್ಬ ಕೂದಲೆಣ್ಣೆಯ ಜಾಹೀರಾತಿಗೆ ಇವನನ್ನೇ ಹಿಡಿದ. ಮಾವ ನಮ್ಮತ್ತೆಯ ಕೂದಲನ್ನು ಮುಖದ ಮೇಲೆ ಇಳಿಬಿಡಿಸಿ ಫೋಟೊ ತೆಗೆದ. ಚಾಮರಾಜನಗರದ ಟೆಂಟ್ ಸಿನಿಮಾದಲ್ಲಿ ಇಂಟರ್ವಲ್ಲಿಗೆ ಆ ಸ್ಲೈಡು ಬಿತ್ತು. ಪರದೆ ತುಂಬ ಕತ್ತಲೆ. ನಡುವೆ ಮೊಣಕಾಲಿಗಿಳಿದ ಕೂದಲು. ಅದರ ಸಂದಿಯಿಂದ ಹೊರಬಂದ ಎರಡು ಬೆಳ್ಳನೆಯ ಕೈಗಳಲ್ಲಿ ಎಣ್ಣೆ ಸೀಸೆ. ಮುಖವೇ ಇಲ್ಲ. ಕಡಲೆಕಾಯಿ ಸುಲಿಯುವ ಸದ್ದೂ ನಿಂತುಹೋಯಿತು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿ ಎದ್ದರು.

“ಎಣ್ಣೆ ಮಾರ್ಕೊಡು ಅಂದ್ರೆ ದೆವ್ವ ಬುಟ್ಬುಟ್ಯಲ್ಲಯ್ಯ” ಅಂತ ವ್ಯಾಪಾರಿ ಮರುದಿನ ಬಂದು ಗೋಳಾಡಿದ. ಮುಖ ಕಂಡರೆ ಕೂದಲನ್ನು ಯಾರು ನೋಡುತ್ತಾರೆ ಎಂದು ಮಾವನ ವಾದ.

ಈ ಸುದ್ದಿ ಹಂಗಳಕ್ಕೂ ಮುಟ್ಟಿತು. ಅಲ್ಲಿಂದ ವಯಸ್ಸಾದ ರೈತನೊಬ್ಬ ಬಂದು ಬಾಗಿಲಲ್ಲೇ ನಿಂತ.

“ಇಲ್ದಿರೋರ್ನೂ ತೆಗೀತೀರಂತಲ್ಲ ಸ್ವಾಮಿ?”

ಹೆಂಡತಿ ತೀರಿಕೊಂಡಿದ್ದಳು. ಬದುಕಿದ್ದಾಗ ಒಂದು ಫೋಟೊವನ್ನೂ ತೆಗೆಸಿರಲಿಲ್ಲ. ಎಲ್ಲಕ್ಕೂ ನಗುವ ಮಾವ ಅವತ್ತು ನಗಲಿಲ್ಲ. ಆಕೆ ಎಷ್ಟೆತ್ತರ, ಹೇಗೆ ನಿಲ್ಲುತ್ತಿದ್ದಳು ಎಂದೆಲ್ಲ ವಿಚಾರಿಸಿದ. ಆಮೇಲೆ ಮುದುಕನನ್ನು ಗೋಡೆಯ ಮುಂದೆ ಕೂರಿಸಿ, ಸೆರಗು ಹೊದ್ದ ಅತ್ತೆಯನ್ನು ಕ್ಯಾಮೆರಾಗೆ ಕಾಣದ ಹಾಗೆ ದೀಪದ ಹತ್ತಿರ ನಿಲ್ಲಿಸಿದ.

ಸ್ಕೂಲು ಬಿಟ್ಟು ಸ್ಟುಡಿಯೊಗೆ ಬಂದ ನಾನು ಒಣಗಲು ತೂಗುಹಾಕಿದ್ದ ಆ ಫೋಟೊ ನೋಡಿದೆ. ಮನುಷ್ಯ ಒಬ್ಬನೇ. ಗೋಡೆಯ ಮೇಲೆ ನೆರಳು ಎರಡು. ಅತ್ತೆಯದೇ ನೆರಳೆಂದು ಗೊತ್ತಿದ್ದರೂ ಅತ್ತೆಯ ಕಡೆ ತಿರುಗಿ ನೋಡಲು ಹೆದರಿದೆ.

ವಾರ ಕಳೆದು ಬಂದ ಮುದುಕ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಯಾವಾಗ್ಲೂ ಹಿಂಗೇ ಒಸಿ ಹಿಂದ್ಗಡೆ ನಿಂತ್ಕತಿದ್ಲು” ಅಂದ.

ಫೋಟೊವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಹಂಗಳದ ಬಸ್ಸು ಹತ್ತಿದ. ಕಿಟಕಿ ಪಕ್ಕದ ಜಾಗ ಬಿಟ್ಟು, ಅಂಚಿಗೆ ಕೂತ. ಒಳಗೆ ಸರಿಯಯ್ಯ ಎಂದು ಕಂಡಕ್ಟರ್ ರೇಗಿದ. ಮುದುಕ ಸರಿಯಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾವ ರಸ್ತೆ ದಾಟಿ ಓಡಿ ಬಸ್ಸು ಹತ್ತಿದ.

“ಅಲ್ಲಿ ಜನ ಅವ್ರೆ ಕಣಪ್ಪ” ಅಂದ.

ಕಂಡಕ್ಟರ್ ಖಾಲಿ ಸೀಟು ನೋಡಿದ, ಮುದುಕನ ಮುಖ ನೋಡಿದ. ಮುಂದಿನ ಸೀಟಿಗೆ ಹೋದ.